ಪರದೆ ಮುಗಿದರೂ ಪುಟ ಮುಗಿಯದಾಗ: ಉದ್ದ ಸ್ಕ್ರೀನ್‌ಶಾಟ್ ತೆಗೆಯುವ ಬಗೆ

ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬರುವ ಜಮ್ಮಾ ಜಾಗದ ಪಹಣಿಯನ್ನು ಮೊಬೈಲಿನಲ್ಲಿ ತೆರೆದವರಿಗೆ ಈ ಪೀಕಲಾಟ ಗೊತ್ತಿರುತ್ತದೆ. ಒಂದೇ ಸರ್ವೆ ನಂಬರಿಗೆ ಒಕ್ಕದವರ, ಅಂದರೆ ಒಂದೇ ಮನೆತನದವರ, ಹೆಸರು ಸಾಲುಗಟ್ಟಿ ನಿಂತಿರುತ್ತದೆ. ಎಳೆದಷ್ಟೂ ಪುಟ ಇಳಿಯುತ್ತಲೇ ಹೋಗುತ್ತದೆ. ಅದನ್ನು ವಕೀಲರಿಗೋ ಬೆಂಗಳೂರಿನಲ್ಲಿರುವ ಅಣ್ಣನಿಗೋ ಕಳಿಸಬೇಕೆಂದರೆ ಏಳೆಂಟು ತುಂಡು ಸ್ಕ್ರೀನ್‌ಶಾಟ್ ತೆಗೆದು ವಾಟ್ಸಾಪ್‌ಗೆ ಸುರಿಯುವುದು ರೂಢಿ. ನೋಡುವವರಿಗೆ ಯಾವುದರ ಕೆಳಗೆ ಯಾವುದು ಬರಬೇಕೆಂದು ತಿಳಿಯುವುದಿಲ್ಲ. ನಡುವಿನ ಎರಡು ಹೆಸರು ಯಾವ ತುಂಡಿನಲ್ಲೂ ಇರುವುದಿಲ್ಲ. ಕೊಯ್ಲಿನ ಕಾಲದ ಕಾಫಿ ದರ, ಮಳೆಗಾಲದ ಹೋಬಳಿವಾರು ಮಳೆ ಪಟ್ಟಿ, ಹೋಂಸ್ಟೇಗೆ ಮುಂಗಡ ಕೊಟ್ಟವರ ಜೊತೆಗಿನ ಚಾಟ್, ಎಲ್ಲದರ ಪಾಡೂ ಇದೇ.

ಇಡೀ ಪುಟವನ್ನು ಒಂದೇ ಚಿತ್ರವಾಗಿ ತೆಗೆಯುವ ಸೌಲಭ್ಯ ಈಗ ಬಹುತೇಕ ಫೋನುಗಳಲ್ಲೂ ಬ್ರೌಸರುಗಳಲ್ಲೂ ಇದೆ. ಗುಂಡಿ ಎಲ್ಲಿದೆ ಎಂದು ಹೇಳಿಕೊಡುವುದು ಸುಲಭ. ಒತ್ತಿದ ಮೇಲೆ ಚಿತ್ರ ಅರ್ಧಕ್ಕೆ ನಿಂತದ್ದೇಕೆ, ತಲೆಬರಹ ಹತ್ತು ಸಲ ಬಂದದ್ದೇಕೆ, ನಡುನಡುವೆ ಬಿಳಿ ಚೌಕ ಉಳಿದದ್ದೇಕೆ ಎಂಬುದು ತಿಳಿಯಬೇಕಾದರೆ ಒಳಗೆ ನಡೆಯುವ ಕೆಲಸವನ್ನು ಸ್ವಲ್ಪ ನೋಡಬೇಕು.

ಒಳಗೆ ನಡೆಯುವುದು ಎರಡು ಬಗೆ

ಮೊದಲನೆಯದು ಹೊಲಿಗೆ. ಫೋನು ಪರದೆಯ ಒಂದು ಚಿತ್ರ ತೆಗೆಯುತ್ತದೆ, ಪುಟವನ್ನು ತಾನೇ ಸ್ವಲ್ಪ ಮೇಲಕ್ಕೆ ಸರಿಸುತ್ತದೆ, ಮತ್ತೊಂದು ಚಿತ್ರ ತೆಗೆಯುತ್ತದೆ. ಹಿಂದಿನ ಚಿತ್ರದ ಕೆಳಭಾಗದ ಪಿಕ್ಸೆಲ್ (ಚಿತ್ರದ ಚುಕ್ಕಿ) ಸಾಲುಗಳನ್ನು ಹೊಸ ಚಿತ್ರದ ಮೇಲ್ಭಾಗದ ಸಾಲುಗಳ ಜೊತೆ ಹೋಲಿಸಿ, ಎಲ್ಲಿ ಎರಡೂ ಒಂದೇ ಆಗಿವೆಯೋ ಅಲ್ಲಿ ಕತ್ತರಿಸಿ ಅಂಟಿಸುತ್ತದೆ. ಪುಟದಲ್ಲಿ ಏನಿದೆ ಎಂಬುದು ಅದಕ್ಕೆ ಗೊತ್ತಿಲ್ಲ. ಕಂಡದ್ದನ್ನು ಕಂಡಂತೆ ಜೋಡಿಸುತ್ತದೆ, ಅಷ್ಟೆ. ಬ್ರೌಸರಿಗೆ ಹಾಕಿಕೊಳ್ಳುವ ಸ್ಕ್ರೀನ್‌ಶಾಟ್ ಎಕ್ಸ್‌ಟೆನ್ಶನ್‌ಗಳಲ್ಲಿ ಬಹಳಷ್ಟು, ವಿಂಡೋಸ್‌ನ ಶೇರ್‌ಎಕ್ಸ್, ಹಲವು ಕಂಪನಿಗಳ ಫೋನಿನಲ್ಲಿರುವ ಸ್ಕ್ರೋಲ್ ಗುಂಡಿ ಈ ಜಾತಿಯವು.

ಎರಡನೆಯದರಲ್ಲಿ ಸರಿಸುವ ಮಾತೇ ಇಲ್ಲ. ಪುಟವನ್ನು ತೋರಿಸುತ್ತಿರುವ ಬ್ರೌಸರಿಗೆ ಪುಟದ ಪೂರ್ತಿ ಎತ್ತರ ಮೊದಲೇ ಗೊತ್ತಿರುತ್ತದೆ. ಪರದೆ ಅಷ್ಟೇ ಎತ್ತರವಿದ್ದಿದ್ದರೆ ಪುಟ ಹೇಗೆ ಕಾಣುತ್ತಿತ್ತೋ ಹಾಗೆ ಅದು ಪುಟವನ್ನು ಮತ್ತೆ ಚಿತ್ರಿಸಿ ಫೈಲಿಗೆ ಬರೆಯುತ್ತದೆ. ಫೈರ್‌ಫಾಕ್ಸ್, ಕ್ರೋಮ್‌ನಲ್ಲಿ ಜಾಲತಾಣ ಕಟ್ಟುವವರಿಗೆಂದು ಇರುವ ಡೆವಲಪರ್ ಟೂಲ್ಸ್, ಐಫೋನಿನ ಸಫಾರಿ ಹೀಗೆ ಮಾಡುತ್ತವೆ. ಜೋಡಣೆಯೇ ಇಲ್ಲದ ಕಾರಣ ಸಾಲು ತಪ್ಪುವ ಭಯವಿಲ್ಲ.

2021ರಲ್ಲಿ ಬಂದ ಆಂಡ್ರಾಯ್ಡ್ 12ರ ಸೌಲಭ್ಯ ಇವೆರಡರ ನಡುವಿನದು. ಅಲ್ಲಿ ವ್ಯವಸ್ಥೆಯು ಆ್ಯಪನ್ನೇ ಕೇಳುತ್ತದೆ: ಇದರ ಕೆಳಗಿನ ಭಾಗವನ್ನು ಚಿತ್ರಿಸಿ ಕೊಡು ಎಂದು. ಆ್ಯಪ್ ಒಪ್ಪಿ ಕೊಟ್ಟರೆ ಉದ್ದ ಚಿತ್ರ ಬರುತ್ತದೆ. ಕೊಡದಿದ್ದರೆ ಗುಂಡಿಯೇ ಕಾಣಿಸುವುದಿಲ್ಲ. ಒಂದೇ ಫೋನಿನಲ್ಲಿ ಒಂದು ಆ್ಯಪ್‌ನಲ್ಲಿ ಗುಂಡಿ ಬಂದು ಇನ್ನೊಂದರಲ್ಲಿ ಬರದೇ ಇರುವುದಕ್ಕೆ ಇದೇ ಕಾರಣ. ಫೋನು ಕೆಟ್ಟಿಲ್ಲ.

ನಿಮ್ಮ ಉಪಕರಣ ಇವುಗಳಲ್ಲಿ ಯಾವ ಗುಂಪಿನದು ಎಂಬುದನ್ನು ತಿಳಿದುಕೊಂಡರೆ ಮುಂದಿನ ತೊಂದರೆಗಳಲ್ಲಿ ಮುಕ್ಕಾಲು ಪಾಲಿಗೆ ಉತ್ತರ ತಾನಾಗಿ ಸಿಗುತ್ತದೆ.

ಆಂಡ್ರಾಯ್ಡ್ ಫೋನಿನಲ್ಲಿ

ಆರಂಭ ಎಲ್ಲದರಲ್ಲೂ ಒಂದೇ: ಪವರ್ ಮತ್ತು ವಾಲ್ಯೂಮ್ ಡೌನ್ ಗುಂಡಿಗಳನ್ನು ಒಟ್ಟಿಗೆ ಒತ್ತಿ ಕೂಡಲೇ ಬಿಡುವುದು. ಶವೋಮಿ, ರಿಯಲ್‌ಮಿ, ಒಪ್ಪೊ, ಒನ್‌ಪ್ಲಸ್ ಫೋನುಗಳಲ್ಲಿ ಮೂರು ಬೆರಳನ್ನು ಪರದೆಯ ಮೇಲಿಂದ ಕೆಳಕ್ಕೆ ಎಳೆದರೂ ಆಗುತ್ತದೆ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡೆ ಈ ಮೂರು ಬೆರಳನ್ನು ನಂಬಬೇಡಿ. ಪರದೆಯ ಮೇಲೆ ನೀರಿನ ಹನಿ ಇದ್ದರೆ ಫೋನು ಅದನ್ನೂ ಬೆರಳೆಂದು ಎಣಿಸುತ್ತದೆ, ಮೂರರ ಲೆಕ್ಕ ತಪ್ಪುತ್ತದೆ, ಪುಟ ಸುಮ್ಮನೆ ಸರಿಯುತ್ತದೆ. ಗುಂಡಿಗೆ ಆ ತೊಂದರೆ ಇಲ್ಲ.

ಸ್ಯಾಮ್‌ಸಂಗ್ ಗ್ಯಾಲಕ್ಸಿಯಲ್ಲಿ ಸ್ಕ್ರೀನ್‌ಶಾಟ್ ಆದ ಕೂಡಲೇ ಪರದೆಯ ಕೆಳಗೆ ಸಣ್ಣ ಪಟ್ಟಿ ಮೂಡುತ್ತದೆ. ಅದರಲ್ಲಿ ಕೆಳಮುಖವಾದ ಎರಡು ಬಾಣದ ಗುರುತು ಇರುತ್ತದೆ. ಒಮ್ಮೆ ತಟ್ಟಿದರೆ ಪುಟ ಒಂದು ಪರದೆಯಷ್ಟು ಸರಿದು ಸೇರಿಕೊಳ್ಳುತ್ತದೆ. ಒತ್ತಿ ಹಿಡಿದರೆ ಬಿಡುವವರೆಗೂ ಸರಿಯುತ್ತಲೇ ಇರುತ್ತದೆ. ಪಟ್ಟಿ ಕೆಲವು ಸೆಕೆಂಡಿನಲ್ಲಿ ಮಾಯವಾಗುವುದರಿಂದ ತಡ ಮಾಡುವಂತಿಲ್ಲ. ಪಟ್ಟಿ ಬರುವುದೇ ಇಲ್ಲವಾದರೆ ಸೆಟ್ಟಿಂಗ್ಸ್, ಅಡ್ವಾನ್ಸ್‌ಡ್ ಫೀಚರ್ಸ್, ಸ್ಕ್ರೀನ್‌ಶಾಟ್ಸ್ ಎಂಬಲ್ಲಿಗೆ ಹೋಗಿ ಟೂಲ್‌ಬಾರ್ ತೋರಿಸುವ ಸ್ವಿಚ್ ಹಾಕಿ. ಅದೇ ಜಾಗದಲ್ಲಿ ಚಿತ್ರ ಜೆಪಿಜಿ ಆಗಿರಬೇಕೋ ಪಿಎನ್‌ಜಿ ಆಗಿರಬೇಕೋ ಎಂಬ ಆಯ್ಕೆಯೂ ಇದೆ. ಅಕ್ಷರವೇ ಮುಖ್ಯವಾದ ಪುಟಕ್ಕೆ ಪಿಎನ್‌ಜಿ ಒಳ್ಳೆಯದು; ಜೆಪಿಜಿಯಲ್ಲಿ ಕನ್ನಡದ ಒತ್ತಕ್ಷರಗಳ ಸುತ್ತ ಮಸಿ ಹರಡಿದಂತೆ ಕಾಣುತ್ತದೆ.

ರೆಡ್‌ಮಿ, ಪೋಕೊ ಫೋನುಗಳಲ್ಲಿ ಮೂಲೆಯಲ್ಲಿ ಮೂಡುವ ಪುಟ್ಟ ಚಿತ್ರದ ಕೆಳಗೆ ಸ್ಕ್ರೋಲ್ ಎಂಬ ಗುಂಡಿ ಬರುತ್ತದೆ. ಒತ್ತಿದರೆ ಪುಟ ತಾನೇ ಓಡತೊಡಗುತ್ತದೆ. ಬೇಕಾದಷ್ಟಾದ ಮೇಲೆ ನಿಲ್ಲಿಸಬೇಕು. ರಿಯಲ್‌ಮಿ, ಒಪ್ಪೊ, ಒನ್‌ಪ್ಲಸ್, ವಿವೊಗಳಲ್ಲೂ ಹೆಸರಿನ ಸಣ್ಣ ವ್ಯತ್ಯಾಸ ಬಿಟ್ಟರೆ ಇದೇ ಕ್ರಮ. ಗೂಗಲ್‌ನ ಪಿಕ್ಸೆಲ್‌ನಂಥ ಶುದ್ಧ ಆಂಡ್ರಾಯ್ಡ್ ಫೋನಿನಲ್ಲಿ ಬರುವುದು ಕ್ಯಾಪ್ಚರ್ ಮೋರ್ ಗುಂಡಿ. ಒತ್ತಿದರೆ ಪುಟದ ದೊಡ್ಡ ಭಾಗ ಒಂದು ಚೌಕಟ್ಟಿನೊಳಗೆ ಕಾಣಿಸುತ್ತದೆ, ಚೌಕಟ್ಟಿನ ಅಂಚನ್ನು ಎಳೆದು ಎಷ್ಟು ಬೇಕೋ ಅಷ್ಟನ್ನು ಆರಿಸಿಕೊಳ್ಳಬಹುದು. ಆದರೆ ಇದು ಕೆಲವೇ ಪರದೆಗಳಷ್ಟು ದೂರ ಹೋಗಿ ನಿಲ್ಲುತ್ತದೆ. ಬಹಳ ಉದ್ದದ ಪುಟಕ್ಕೆ ಸಾಲದು.

ಪುಟ ತಾನೇ ಓಡುವಾಗ ಬೆರಳಿನಿಂದ ಸಹಾಯ ಮಾಡಲು ಹೋಗಬೇಡಿ. ಅದು ಲೆಕ್ಕ ಹಾಕಿಟ್ಟುಕೊಂಡ ಅಂತರ ಕೆಡುತ್ತದೆ, ಹೊಲಿಗೆ ತಪ್ಪುತ್ತದೆ.

ಕೆಲವು ಆ್ಯಪ್‌ಗಳಲ್ಲಿ ಉದ್ದದ್ದಿರಲಿ, ಸಾಧಾರಣ ಸ್ಕ್ರೀನ್‌ಶಾಟೂ ಬರುವುದಿಲ್ಲ. ಬಂದರೂ ಪೂರ್ತಿ ಕಪ್ಪು. ಹಲವು ಬ್ಯಾಂಕ್ ಆ್ಯಪ್‌ಗಳು, ಕ್ರೋಮ್‌ನ ಇನ್‌ಕಾಗ್ನಿಟೊ ಟ್ಯಾಬ್, ವಾಟ್ಸಾಪ್‌ನಲ್ಲಿ ಒಮ್ಮೆ ಮಾತ್ರ ನೋಡಬಹುದಾದ ಫೋಟೊ ಹೀಗೆ. ಆ್ಯಪ್ ಮಾಡಿದವರೇ ಈ ಕಿಟಕಿಯ ಚಿತ್ರ ತೆಗೆಯಬೇಡ ಎಂದು ಆಂಡ್ರಾಯ್ಡ್‌ಗೆ ಹೇಳಿಟ್ಟಿರುತ್ತಾರೆ. ಇದನ್ನು ದಾಟಿಸುತ್ತೇವೆ ಎನ್ನುವ ಆ್ಯಪ್‌ಗಳ ಸಹವಾಸ ಬೇಡ. ಬ್ಯಾಂಕಿನ ಲೆಕ್ಕ ಬೇಕಿದ್ದರೆ ಅದೇ ಆ್ಯಪ್‌ನಲ್ಲಿ ಸ್ಟೇಟ್‌ಮೆಂಟನ್ನು ಪಿಡಿಎಫ್ ಆಗಿ ಇಳಿಸಿಕೊಳ್ಳುವ ದಾರಿ ಸಾಮಾನ್ಯವಾಗಿ ಇದ್ದೇ ಇರುತ್ತದೆ.

ಐಫೋನಿನಲ್ಲಿ

ಬಲಬದಿಯ ಗುಂಡಿ ಮತ್ತು ವಾಲ್ಯೂಮ್ ಅಪ್ ಒಟ್ಟಿಗೆ. ಹೋಮ್ ಗುಂಡಿ ಇರುವ ಹಳೆಯ ಮಾದರಿಯಲ್ಲಿ ಹೋಮ್ ಮತ್ತು ಬದಿಯ ಗುಂಡಿ. ಎಡಮೂಲೆಯಲ್ಲಿ ಪುಟ್ಟ ಚಿತ್ರ ಮೂಡಿದ ಕೂಡಲೇ ಅದನ್ನು ತಟ್ಟಿ, ಮೇಲೆ ಕಾಣುವ ಫುಲ್ ಪೇಜ್ ಆರಿಸಿ, ಡನ್ ಒತ್ತಿ. 2019ರ ಐಒಎಸ್ 13ರಲ್ಲಿ ಈ ಸೌಲಭ್ಯ ಬಂದಾಗ ಅದು ಉಳಿಯುತ್ತಿದ್ದುದು ಪಿಡಿಎಫ್ ಆಗಿ ಮಾತ್ರ, ಅದೂ ಫೈಲ್ಸ್ ಆ್ಯಪ್‌ನಲ್ಲಿ. ಫೋಟೊಗಳಲ್ಲಿ ಹುಡುಕಿ ಸಿಗಲಿಲ್ಲವೆಂದು ಕೈಬಿಟ್ಟವರು ಬಹಳ. 2023ರ ಐಒಎಸ್ 17ರಿಂದ ಚಿತ್ರವಾಗಿಯೂ ಫೋಟೊಗಳಿಗೆ ಸೇರಿಸಬಹುದು.

ಫುಲ್ ಪೇಜ್ ಎಲ್ಲ ಆ್ಯಪ್‌ಗಳಲ್ಲೂ ಬರುವುದಿಲ್ಲ. ಸಫಾರಿ, ಮೇಲ್, ನೋಟ್ಸ್‌ನಂಥವುಗಳಲ್ಲಿ ಇದೆ. ವಾಟ್ಸಾಪ್ ಚಾಟ್‌ನಲ್ಲಿ ಇಲ್ಲ. ಅಲ್ಲಿ ತುಂಡು ತುಂಡಾಗಿ ತೆಗೆದು ಪಿಕ್ಸ್ಯೂನಂಥ ಆ್ಯಪ್‌ನಲ್ಲಿ ಜೋಡಿಸಬೇಕು. ಜೋಡಣೆ ಸರಿಯಾಗಬೇಕಾದರೆ ಪ್ರತಿ ತುಂಡಿನ ಕೊನೆಯ ಎರಡು ಮೂರು ಸಾಲು ಮುಂದಿನ ತುಂಡಿನ ಮೊದಲಿಗೆ ಮತ್ತೆ ಬರಬೇಕು. ಸಾಲು ಹಂಚಿಕೊಳ್ಳದ ತುಂಡುಗಳನ್ನು ಯಾವ ಆ್ಯಪೂ ತಾನಾಗಿ ಸರಿಯಾಗಿ ಜೋಡಿಸಲಾರದು.

ಚಾಟ್ ಎಂದಾಗ ಇನ್ನೊಂದು ಮಾತು. ತಿಂಗಳುಗಟ್ಟಲೆ ನಡೆದ ಮಾತುಕತೆ ಬೇಕಿದ್ದರೆ ಸ್ಕ್ರೀನ್‌ಶಾಟ್ ತಪ್ಪು ಸಾಧನ. ವಾಟ್ಸಾಪ್‌ನಲ್ಲಿ ಎಕ್ಸ್‌ಪೋರ್ಟ್ ಚಾಟ್ ಎಂಬುದಿದೆ. ಫೋಟೊ ಸೇರಿಸದಿದ್ದರೆ ಇತ್ತೀಚಿನ 40,000 ಸಂದೇಶ, ಸೇರಿಸಿದರೆ 10,000 ಸಂದೇಶದವರೆಗೆ ದಿನಾಂಕ, ಸಮಯ, ಹೆಸರಿನ ಸಮೇತ ಒಂದು ಫೈಲಾಗಿ ಬರುತ್ತದೆ.

ಕಂಪ್ಯೂಟರಿನಲ್ಲಿ

ವಿಂಡೋಸ್‌ನ ಸ್ನಿಪ್ಪಿಂಗ್ ಟೂಲ್ ಕಣ್ಣಿಗೆ ಕಂಡಷ್ಟನ್ನೇ ತೆಗೆಯುತ್ತದೆ; ಮ್ಯಾಕ್‌ನ ಕಮಾಂಡ್, ಶಿಫ್ಟ್, 5 ಕೂಡ ಅಷ್ಟೇ. ಉದ್ದದ ಕೆಲಸ ಬ್ರೌಸರಿನದು.

ಎಲ್ಲಕ್ಕಿಂತ ಸಲೀಸು ಫೈರ್‌ಫಾಕ್ಸ್. ಕಂಟ್ರೋಲ್, ಶಿಫ್ಟ್, ಎಸ್ ಒತ್ತಿ, ಬಲಮೂಲೆಯ ಸೇವ್ ಫುಲ್ ಪೇಜ್ ಆರಿಸಿ, ಡೌನ್‌ಲೋಡ್ ಒತ್ತಿದರೆ ಮುಗಿಯಿತು. ಫೈಲಿನ ಹೆಸರಿನಲ್ಲೇ ದಿನಾಂಕ, ಸಮಯ, ಪುಟದ ಶೀರ್ಷಿಕೆ ಇರುತ್ತದೆ. ಈ ಒಂದು ಕಾರಣಕ್ಕೇ ದಾಖಲೆ ಇಟ್ಟುಕೊಳ್ಳುವವರಿಗೆ ಫೈರ್‌ಫಾಕ್ಸ್ ವಾಸಿ. ಮೈಕ್ರೋಸಾಫ್ಟ್ ಎಡ್ಜ್‌ನಲ್ಲೂ ಅದೇ ಮೂರು ಕೀಲಿ, ನಂತರ ಕ್ಯಾಪ್ಚರ್ ಫುಲ್ ಪೇಜ್.

ಕ್ರೋಮ್‌ನಲ್ಲಿ ಇದೇ ಸೌಲಭ್ಯ ಡೆವಲಪರ್ ಟೂಲ್ಸ್‌ನೊಳಗೆ ಅಡಗಿದೆ. ಹೊಸ ಎಕ್ಸ್‌ಟೆನ್ಶನ್ ಹಾಕಿಕೊಳ್ಳುವ ಮೊದಲು ಇದನ್ನು ನೋಡಿ. ಕಂಟ್ರೋಲ್, ಶಿಫ್ಟ್, ಐ ಒತ್ತಿದರೆ ಬದಿಯಲ್ಲಿ ಒಂದು ಫಲಕ ತೆರೆಯುತ್ತದೆ. ಆಮೇಲೆ ಕಂಟ್ರೋಲ್, ಶಿಫ್ಟ್, ಪಿ. ಬರುವ ಚೌಕದಲ್ಲಿ ಇಂಗ್ಲಿಷಿನಲ್ಲಿ ಸ್ಕ್ರೀನ್‌ಶಾಟ್ ಎಂದು ಟೈಪಿಸಿದರೆ ನಾಲ್ಕೈದು ಆಯ್ಕೆ ಕಾಣುತ್ತವೆ. ಕ್ಯಾಪ್ಚರ್ ಫುಲ್ ಸೈಜ್ ಸ್ಕ್ರೀನ್‌ಶಾಟ್ ಎಂಬುದು ನಮಗೆ ಬೇಕಾದ್ದು. ಮ್ಯಾಕ್‌ನಲ್ಲಿ ಮೊದಲನೆಯದು ಕಮಾಂಡ್, ಆಪ್ಷನ್, ಐ. ಎರಡನೆಯದು ಕಮಾಂಡ್, ಶಿಫ್ಟ್, ಪಿ. ಚಿತ್ರ ಡೌನ್‌ಲೋಡ್ಸ್ ಫೋಲ್ಡರಿಗೆ ಹೋಗಿ ಬೀಳುತ್ತದೆ.

ಎಕ್ಸ್‌ಟೆನ್ಶನ್ ಬೇಡವೆನ್ನುವುದು ಸುಮ್ಮನಲ್ಲ. ಅವುಗಳಲ್ಲಿ ಕೆಲವು ನೀವು ತೆರೆಯುವ ಎಲ್ಲ ವೆಬ್‌ಸೈಟಿನ ಮಾಹಿತಿಯನ್ನೂ ಓದುವ ಅನುಮತಿ ಕೇಳುತ್ತವೆ. ತಿಂಗಳಿಗೊಮ್ಮೆ ತೆಗೆಯುವ ಸ್ಕ್ರೀನ್‌ಶಾಟಿಗಾಗಿ ನೆಟ್‌ಬ್ಯಾಂಕಿಂಗ್ ಪುಟವನ್ನೂ ತೆರೆದಿಡುವುದು ದುಬಾರಿ ವ್ಯಾಪಾರ.

ಎಲ್ಲಿ ಕೈಕೊಡುತ್ತದೆ

ಬಿಳಿ ಚೌಕಗಳು. ಇಂದಿನ ಬಹುತೇಕ ಪುಟಗಳು ಕೆಳಗಿನ ಚಿತ್ರಗಳನ್ನು ಮೊದಲೇ ತರಿಸುವುದಿಲ್ಲ. ಓದುಗ ಅಲ್ಲಿಗೆ ತಲುಪುವ ಹೊತ್ತಿಗೆ ತರಿಸುತ್ತವೆ. ಬ್ರೌಸರು ಇಡೀ ಪುಟವನ್ನು ಒಂದೇ ಏಟಿಗೆ ಚಿತ್ರಿಸಿದಾಗ ಅವು ಇನ್ನೂ ಬಂದೇ ಇರುವುದಿಲ್ಲ. ತೋಟದ ನಡುವೆ, ನೆಟ್‌ವರ್ಕ್ ಒಂದೇ ಕಡ್ಡಿ ತೋರಿಸುವ ಕಡೆ ಇದು ಇನ್ನೂ ಹೆಚ್ಚು. ಪರಿಹಾರ ಸರಳ: ಮೊದಲು ಪುಟದ ತುದಿಯವರೆಗೂ ನಿಧಾನವಾಗಿ ಎಳೆಯಿರಿ, ಚಿತ್ರಗಳು ಮೂಡುವುದನ್ನು ಕಣ್ಣಿಂದ ನೋಡಿ, ಮತ್ತೆ ಮೇಲೆ ಬಂದು ಸ್ಕ್ರೀನ್‌ಶಾಟ್ ತೆಗೆಯಿರಿ. ಎಳೆದಷ್ಟೂ ಹೊಸ ಸುದ್ದಿ ಸೇರುತ್ತಾ ಹೋಗುವ ಫೇಸ್‌ಬುಕ್‌ನಂಥ ಪುಟಕ್ಕೆ ಮಾತ್ರ ತುದಿ ಎಂಬುದೇ ಇಲ್ಲ. ಅಲ್ಲಿ ಎಲ್ಲಿಯವರೆಗೆ ಬೇಕೆಂದು ನೀವೇ ನಿಲ್ಲಿಸಬೇಕು.

ತಲೆಬರಹದ ಮೆರವಣಿಗೆ. ಪುಟ ಸರಿದರೂ ಪರದೆಯ ಮೇಲ್ತುದಿಗೆ ಅಂಟಿಕೊಂಡೇ ಇರುವ ಪಟ್ಟಿ ಹೊಲಿಗೆಯ ಪ್ರತಿ ತುಂಡಿನಲ್ಲೂ ಬರುತ್ತದೆ. ಕೆಲವು ಫೋನುಗಳು ಗುರುತಿಸಿ ಕತ್ತರಿಸುತ್ತವೆ. ಪಟ್ಟಿ ಅರೆಪಾರದರ್ಶಕವಾಗಿದ್ದರೆ ಗುರುತಿಸಲಾಗದೆ ಸೋಲುತ್ತವೆ. ಕ್ರೋಮ್‌ನಲ್ಲಿ ಇದಕ್ಕೆ ಚೊಕ್ಕ ಉಪಾಯವಿದೆ. ಆ ಪಟ್ಟಿಯ ಮೇಲೆ ಮೌಸ್‌ನ ಬಲಗುಂಡಿ ಒತ್ತಿ ಇನ್‌ಸ್ಪೆಕ್ಟ್ ಆರಿಸಿ. ಎಲಿಮೆಂಟ್ಸ್ ಫಲಕದಲ್ಲಿ ಆ ಸಾಲು ಬಣ್ಣ ತುಂಬಿ ನಿಂತಿರುವಾಗ ಕೀಲಿಮಣೆಯ ಎಚ್ ಒತ್ತಿದರೆ ಪಟ್ಟಿ ಮರೆಯಾಗುತ್ತದೆ. ಡಿಲೀಟ್ ಒತ್ತಿದರೆ ಹೋಗಿಯೇ ಬಿಡುತ್ತದೆ. ಕುಕೀ ಒಪ್ಪಿಗೆ ಕೇಳುವ ಚೌಕ, ಚಾಟ್ ಮಾಡಿ ಎಂದು ಮೂಲೆಯಲ್ಲಿ ಕುಣಿಯುವ ಗುಂಡಿ, ಎಲ್ಲವನ್ನೂ ಹೀಗೆ ಕಳಚಬಹುದು. ವೆಬ್‌ಸೈಟಿಗೆ ಏನೂ ಆಗುವುದಿಲ್ಲ. ಪುಟವನ್ನು ರಿಫ್ರೆಶ್ ಮಾಡಿದರೆ ಎಲ್ಲ ವಾಪಸ್.

ಮಾಯವಾಗುವ ಸಾಲು. ಇದು ಎಲ್ಲಕ್ಕಿಂತ ಅಪಾಯದ್ದು, ಏಕೆಂದರೆ ಚಿತ್ರ ನೋಡಲು ಸರಿಯಾಗಿಯೇ ಇರುತ್ತದೆ. ಫೆಬ್ರುವರಿ ತಿಂಗಳ ಹೋಬಳಿವಾರು ಮಳೆ ಪಟ್ಟಿಯನ್ನು ಫೋನಿನಲ್ಲಿ ತೆರೆದಿದ್ದೀರಿ ಎನ್ನಿ. ಅಗಲದ ಪಟ್ಟಿಯಾದ್ದರಿಂದ ಬಲಕ್ಕೆ ಸರಿಸಿದ್ದೀರಿ, ಹೋಬಳಿಯ ಹೆಸರಿನ ಕಾಲಂ ಎಡಕ್ಕೆ ಹೋಗಿ ಮರೆಯಾಗಿದೆ. ಉಳಿದದ್ದು ಸಾಲು ಸಾಲು 0.0 ಮಾತ್ರ. ಹೊಲಿಯುವ ತಂತ್ರಾಂಶ ಎರಡು ಚಿತ್ರ ಎಲ್ಲಿ ಒಂದಾಗುತ್ತವೆಂದು ಹುಡುಕಿದರೆ ಎಲ್ಲ ಸಾಲೂ ಎಲ್ಲ ಸಾಲಿನಂತೆಯೇ ಕಾಣುತ್ತದೆ. ಅದು ತೋಚಿದ ಕಡೆ ಅಂಟಿಸುತ್ತದೆ. ಒಂದು ಸಾಲು ಬಿಟ್ಟುಹೋಗಬಹುದು, ಎರಡು ಸಲವೂ ಬರಬಹುದು. ಮಳೆಗಾಲದಲ್ಲಿ ಭಾಗಮಂಡಲಕ್ಕೊಂದು, ಕುಶಾಲನಗರಕ್ಕೊಂದು ಅಂಕಿ ಇರುವಾಗ ಇದೇ ಪಟ್ಟಿ ಸರಿಯಾಗಿ ಬರುತ್ತದೆ. ಆದ್ದರಿಂದ ಕೋಷ್ಟಕದ ಉದ್ದ ಸ್ಕ್ರೀನ್‌ಶಾಟ್ ತೆಗೆದ ಮೇಲೆ ಸಾಲು ಎಣಿಸಬೇಕು. ಕೊಡಗಿನ ಹೋಬಳಿ 16; ಚಿತ್ರದಲ್ಲಿ 15 ಇದ್ದರೆ ಹೊಲಿಗೆ ತಪ್ಪಿದೆ. ಫೋನನ್ನು ಅಡ್ಡ ಹಿಡಿದು ಹೆಸರಿನ ಕಾಲಂ ಕೂಡ ಕಾಣುವಂತೆ ಮಾಡಿ ಮತ್ತೆ ತೆಗೆದರೆ ಪ್ರತಿ ಸಾಲೂ ಬೇರೆಯಾಗಿ, ಗೊಂದಲ ತಪ್ಪುತ್ತದೆ.

ಪುಟದಲ್ಲಿ ಏನಾದರೂ ಚಲಿಸುತ್ತಿದ್ದರೂ ಇದೇ ಗತಿ. ಬದಲಾಗುವ ಜಾಹೀರಾತು, ಓಡುವ ಸುದ್ದಿಪಟ್ಟಿ, ತಾನಾಗಿ ಶುರುವಾಗುವ ವಿಡಿಯೊ ಇದ್ದರೆ ಎರಡು ಚಿತ್ರಗಳ ಪಿಕ್ಸೆಲ್ ಹೊಂದುವುದೇ ಇಲ್ಲ. ಅಂಥ ಪುಟವನ್ನು ಫೋನಿನಲ್ಲಿ ತೆಗೆಯುವ ಬದಲು ಕಂಪ್ಯೂಟರಿನ ಬ್ರೌಸರಿನಲ್ಲಿ ತೆಗೆಯುವುದು ಮೇಲು.

ಒಂದೇ ಪರದೆಯಲ್ಲಿ ನಿಂತುಬಿಡುವುದು. ಫುಲ್ ಪೇಜ್ ಕೊಟ್ಟರೂ ಕಂಡಷ್ಟೇ ಬಂತು ಎಂದರೆ ಅಲ್ಲಿ ಸರಿಯುತ್ತಿರುವುದು ಪುಟವಲ್ಲ, ಪುಟದೊಳಗಿನ ಒಂದು ಚೌಕ. ಬ್ರೌಸರಿನ ಲೆಕ್ಕದಲ್ಲಿ ಪುಟದ ಎತ್ತರ ಒಂದೇ ಪರದೆ. ದೊಡ್ಡ ಕೋಷ್ಟಕಗಳನ್ನು ತೋರಿಸುವ ಜಾಲತಾಣಗಳು, ವಾಟ್ಸಾಪ್ ವೆಬ್ ಈ ತರಹ. ಪರದೆಯನ್ನೇ ಎತ್ತರ ಮಾಡಿದರೆ ಒಳಗಿನ ಚೌಕವೂ ಸಾಮಾನ್ಯವಾಗಿ ಹಿಗ್ಗುತ್ತದೆ. ಕ್ರೋಮ್‌ನ ಡೆವಲಪರ್ ಟೂಲ್ಸ್ ತೆರೆದಿರುವಾಗ ಕಂಟ್ರೋಲ್, ಶಿಫ್ಟ್, ಎಂ ಒತ್ತಿದರೆ ಪರದೆಯ ಅಳತೆ ಬದಲಿಸುವ ಪಟ್ಟಿ ಬರುತ್ತದೆ. ಅಲ್ಲಿ ರೆಸ್ಪಾನ್ಸಿವ್ ಆರಿಸಿ, ಅಗಲ 1280, ಎತ್ತರ 5000 ಎಂದು ಕೊಟ್ಟು, ಪುಟ ಮತ್ತೆ ಮೂಡಿದ ಮೇಲೆ ಸ್ಕ್ರೀನ್‌ಶಾಟ್ ತೆಗೆಯಿರಿ.

ಅರ್ಧದ ಮೇಲೆ ಮತ್ತೆ ಮೊದಲಿನಿಂದ. ಕ್ರೋಮ್‌ನಲ್ಲಿ ತೀರಾ ಉದ್ದದ ಪುಟ ತೆಗೆದರೆ ಚಿತ್ರದ ಒಂದು ಹಂತದಿಂದಾಚೆ ಪುಟದ ತಲೆಭಾಗವೇ ಮರುಕಳಿಸುವುದುಂಟು. ಒಂದೇ ಏಟಿಗೆ ಚಿತ್ರಿಸಬಹುದಾದ ಎತ್ತರಕ್ಕೆ 16,384 ಪಿಕ್ಸೆಲ್ ಮಿತಿ ಇರುವುದೇ ಕಾರಣ. ಪರದೆಯ ಸ್ಕೇಲಿಂಗ್ 200 ಶೇಕಡಾ ಇರುವ ಲ್ಯಾಪ್‌ಟಾಪಿನಲ್ಲಿ ಪುಟದ ಪ್ರತಿ ಬಿಂದುವಿಗೂ ಉದ್ದಕ್ಕೆ ಎರಡು ಪಿಕ್ಸೆಲ್ ಹೋಗುವುದರಿಂದ 8,192ಕ್ಕೇ ಮಿತಿ ಮುಟ್ಟುತ್ತದೆ. ಫೈರ್‌ಫಾಕ್ಸ್‌ನ ಮಿತಿ 32,767 ಪಿಕ್ಸೆಲ್. ಅದು ಮರುಕಳಿಸುವುದಿಲ್ಲ, ಅಲ್ಲಿಗೆ ಕತ್ತರಿಸುತ್ತದೆ. ಉಳಿಸುವ ಫೈಲಿಗೂ ಅದರದೇ ಮೇರೆ ಇದೆ: ಜೆಪಿಜಿಗೆ 65,535, ವೆಬ್‌ಪಿಗೆ 16,383. ಫೋನಿನಲ್ಲಿ ತಡೆಯುವುದು ಮೆಮೊರಿ. 1080 ಅಗಲ, 12,000 ಎತ್ತರದ ಚಿತ್ರವನ್ನು ಬಿಡಿಸಿ ಹಿಡಿದುಕೊಳ್ಳಲು, ಪಿಕ್ಸೆಲ್‌ಗೆ ನಾಲ್ಕು ಬೈಟ್‌ನಂತೆ, ಸುಮಾರು 52 ಎಂಬಿ ಬೇಕು. ಅಗ್ಗದ ಫೋನುಗಳು ನಡುವೆಯೇ ಸಾಕು ಎನ್ನುವುದರಲ್ಲಿ ಆಶ್ಚರ್ಯವಿಲ್ಲ.

ಕಳಿಸುವಾಗ ಹಾಳಾಗುವುದು

ಚೆನ್ನಾಗಿ ತೆಗೆದ ಉದ್ದ ಚಿತ್ರವನ್ನು ಕೊಲ್ಲುವುದು ಬಹಳ ಸಲ ವಾಟ್ಸಾಪ್. ಫೋಟೊ ಆಗಿ ಕಳಿಸಿದರೆ ಅದು ಚಿತ್ರದ ಉದ್ದದ ಬದಿಯನ್ನು ಸುಮಾರು 1600 ಪಿಕ್ಸೆಲ್‌ಗೆ ಇಳಿಸುತ್ತದೆ. ಸಾಮಾನ್ಯ ಫೋಟೊಗೆ ಇದು ಸಾಕು. ಆದರೆ 1080 ಅಗಲ, 12,000 ಎತ್ತರದ ಚಿತ್ರ 1600 ಎತ್ತರಕ್ಕೆ ಇಳಿದರೆ ಅಗಲ ಉಳಿಯುವುದು 144 ಪಿಕ್ಸೆಲ್ ಮಾತ್ರ. ಎಷ್ಟು ಹಿಗ್ಗಿಸಿದರೂ ಅಕ್ಷರ ಇಲ್ಲ, ಬೂದಿ ಬಣ್ಣದ ಗೆರೆ ಮಾತ್ರ. ಎಚ್‌ಡಿ ಆಯ್ಕೆ ಒತ್ತಿದರೂ ಕುಗ್ಗುವ ಪ್ರಮಾಣ ಕಡಿಮೆಯಾಗುತ್ತದೆಯೇ ಹೊರತು ತಪ್ಪುವುದಿಲ್ಲ. ಲಗತ್ತಿನ ಗುರುತು ಒತ್ತಿ, ಡಾಕ್ಯುಮೆಂಟ್ ಆರಿಸಿ, ಅದರೊಳಗಿಂದ ಚಿತ್ರವನ್ನು ಕಳಿಸಿದರೆ ಒಂದು ಪಿಕ್ಸೆಲೂ ಬದಲಾಗದೆ ತಲುಪುತ್ತದೆ.

ಕಾಫಿ ದರದ ವಿಷಯದಲ್ಲಿ ಇನ್ನೊಂದು ತೊಡಕು. ಅರೇಬಿಕಾ ಪಾರ್ಚ್‌ಮೆಂಟ್, ಅರೇಬಿಕಾ ಚೆರಿ, ರೊಬಸ್ಟಾ ಪಾರ್ಚ್‌ಮೆಂಟ್, ರೊಬಸ್ಟಾ ಚೆರಿ ಎಂದು 50 ಕೆಜಿ ಚೀಲದ ಲೆಕ್ಕದಲ್ಲಿ ಬರುವ ದರ ದಿನದಿನಕ್ಕೂ ಬೇರೆ. ಉದ್ದ ಸ್ಕ್ರೀನ್‌ಶಾಟಿನಲ್ಲಿ ಫೋನಿನ ಮೇಲ್ತುದಿಯ ಗಡಿಯಾರವಾಗಲಿ ಬ್ರೌಸರಿನ ವಿಳಾಸಪಟ್ಟಿಯಾಗಲಿ ಎಷ್ಟೋ ಸಲ ಇರುವುದಿಲ್ಲ. ಪುಟದಲ್ಲೇ ದಿನಾಂಕ ಇಲ್ಲದಿದ್ದರೆ ಅದು ಯಾವತ್ತಿನ ದರ ಎಂದು ಹೇಳುವವರಿಲ್ಲ. ಫೈಲಿನ ಹೆಸರು ನೋಡಿ ಎಂದರೆ ಅದೂ ದಾರಿ ತಪ್ಪಿಸುತ್ತದೆ: ಆಂಡ್ರಾಯ್ಡ್ ವಾಟ್ಸಾಪ್ ಬಂದ ಫೋಟೊಗೆ ಬಂದ ದಿನದ ದಿನಾಂಕವನ್ನೇ ಹೆಸರಾಗಿ ಇಡುತ್ತದೆ. ಹೋದ ವಾರದ ದರ ಇವತ್ತು ಫಾರ್ವರ್ಡ್ ಆದರೆ ಹೆಸರು ಇವತ್ತಿನದು. ದಿನಾಂಕ ಕಾಣದ ದರ ಪಟ್ಟಿ ಕೈಗೆ ಬಂದರೆ ಅದನ್ನು ಹಿಡಿದು ವ್ಯಾಪಾರಿಯ ಬಳಿ ಮಾತಿಗೆ ನಿಲ್ಲಬೇಡಿ. ನೀವೇ ತೆಗೆಯುವುದಾದರೆ ಪುಟದ ತಳದವರೆಗೂ ತೆಗೆಯಿರಿ. ಔಟ್‌ಟರ್ನ್ (ಚೀಲದ ಕಾಫಿಯಿಂದ ಸಿಗುವ ಶುದ್ಧ ಬೀಜದ ಪ್ರಮಾಣ) ಎಷ್ಟಕ್ಕೆ ಈ ದರ ಎಂಬ ಷರತ್ತು ಇದ್ದರೆ ಅಲ್ಲೇ ಇರುತ್ತದೆ.

ಕಾಗದಕ್ಕೆ ಬರಬೇಕಿದ್ದರೆ

ಉದ್ದ ಚಿತ್ರವನ್ನು ಹಾಗೇ ಪ್ರಿಂಟಿಗೆ ಕೊಟ್ಟರೆ ಪ್ರಿಂಟರು ಅದನ್ನು ಒಂದೇ ಎ4 ಹಾಳೆಗೆ ಹೊಂದಿಸುತ್ತದೆ. ಹಾಳೆಯ ಎತ್ತರ 297 ಮಿ.ಮೀ.; ಅಂಚು ಬಿಟ್ಟರೆ 277. ನಮ್ಮ 12,000 ಪಿಕ್ಸೆಲ್ ಆ ಎತ್ತರದಲ್ಲಿ ಕೂತರೆ ಅಗಲ 25 ಮಿ.ಮೀ., ಅಂದರೆ ಒಂದು ಇಂಚಿನ ರಿಬ್ಬನ್. ಸೈಬರ್ ಸೆಂಟರಿನವರು ಇದನ್ನು ನೋಡಿ ತಲೆ ಚಚ್ಚಿಕೊಳ್ಳುತ್ತಾರೆ. ಎ4 ಹಾಳೆಯ ಎತ್ತರ ಅಗಲದ 1.414 ಪಟ್ಟು. ಆದ್ದರಿಂದ 1080 ಅಗಲದ ಚಿತ್ರವನ್ನು ಸುಮಾರು 1500 ಪಿಕ್ಸೆಲ್‌ಗೊಂದರಂತೆ, ಸಾಲಿನ ನಡುವೆ ಕತ್ತರಿ ಬೀಳದ ಹಾಗೆ, ಎಂಟು ತುಂಡು ಮಾಡಿ ಪ್ರಿಂಟ್ ಮಾಡಬೇಕು.

ಅದಕ್ಕಿಂತ ಜಾಣತನ ಸ್ಕ್ರೀನ್‌ಶಾಟನ್ನೇ ಬಿಡುವುದು. ಬ್ರೌಸರಿನಲ್ಲಿ ಕಂಟ್ರೋಲ್, ಪಿ ಒತ್ತಿ, ಪ್ರಿಂಟರಿನ ಜಾಗದಲ್ಲಿ ಸೇವ್ ಆ್ಯಸ್ ಪಿಡಿಎಫ್ ಆರಿಸಿದರೆ ಪುಟ ತಾನೇ ಎ4 ಹಾಳೆಗಳಾಗಿ ಒಡೆಯುತ್ತದೆ. ಮೋರ್ ಸೆಟ್ಟಿಂಗ್ಸ್‌ನಲ್ಲಿ ಹೆಡರ್ಸ್ ಆ್ಯಂಡ್ ಫೂಟರ್ಸ್ ಗುರುತು ಹಾಕಿದರೆ ಪ್ರತಿ ಹಾಳೆಯ ಮೇಲೂ ದಿನಾಂಕ, ಜಾಲತಾಣದ ವಿಳಾಸ ಅಚ್ಚಾಗುತ್ತವೆ. ಬ್ಯಾಕ್‌ಗ್ರೌಂಡ್ ಗ್ರಾಫಿಕ್ಸ್ ಗುರುತು ಹಾಕದಿದ್ದರೆ ಕೋಷ್ಟಕದ ಬಣ್ಣಗಳು ಬರುವುದಿಲ್ಲ. ಆಂಡ್ರಾಯ್ಡ್ ಕ್ರೋಮ್‌ನಲ್ಲಿ ಶೇರ್ ಒತ್ತಿ ಪ್ರಿಂಟ್ ಆರಿಸಿದರೂ ಇದೇ ಪಿಡಿಎಫ್ ಸಿಗುತ್ತದೆ. ಐಫೋನಿನ ಫುಲ್ ಪೇಜ್ ಪಿಡಿಎಫ್ ಮಾತ್ರ ಒಂದೇ ಉದ್ದನೆಯ ಹಾಳೆ. ಅದನ್ನು ಪ್ರಿಂಟಿಗೆ ಕೊಟ್ಟರೆ ಮತ್ತೆ ರಿಬ್ಬನ್ನೇ. ಅಲ್ಲಿ ಶೇರ್, ಪ್ರಿಂಟ್ ಎಂದು ಹೋಗಿ, ಮುನ್ನೋಟದ ಹಾಳೆಯನ್ನು ಎರಡು ಬೆರಳಿನಿಂದ ಹಿಗ್ಗಿಸಿದರೆ ಹಾಳೆ ಹಾಳೆಯಾದ ಪಿಡಿಎಫ್ ತೆರೆಯುತ್ತದೆ.

ಕನ್ನಡದ ಪುಟಗಳಿಗೆ ಮಾತ್ರ ಚಿತ್ರಕ್ಕೊಂದು ಮೇಲುಗೈ ಇದೆ. ಪಿಡಿಎಫ್‌ನಿಂದ ಕನ್ನಡ ನಕಲು ಮಾಡಿ ಬೇರೆಡೆ ಅಂಟಿಸಿದರೆ ಒತ್ತಕ್ಷರ, ಗುಣಿತಾಕ್ಷರ ಅತ್ತಿತ್ತ ಹಾರಿ ಓದಲಾಗದಂತಾಗುವುದು ಸಾಮಾನ್ಯ. ಯೂನಿಕೋಡ್‌ಗೂ ಮೊದಲಿನ ನುಡಿ, ಬರಹ ಫಾಂಟಿನಲ್ಲಿ ಮಾಡಿದ ಹಳೆಯ ಪುಟವಾದರೆ ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಬರೀ ಚಿತ್ರವಿಚಿತ್ರ ಗುರುತುಗಳು. ಸರಿಯಾಗಿ ಕಾಣುತ್ತಿರುವ ಕಡೆಯೇ ಚಿತ್ರವಾಗಿ ತೆಗೆದಿಟ್ಟರೆ ಎಲ್ಲ ಕಡೆಯೂ ಹಾಗೇ ಕಾಣುತ್ತದೆ. ಗಾಳಿಮಳೆಗೆ ಕರೆಂಟು ಹೋಗಿ, ಟವರಿನ ಬ್ಯಾಟರಿಯೂ ಮುಗಿದು, ನೆಟ್‌ವರ್ಕ್ ದಿನಗಟ್ಟಲೆ ಬಾರದ ಊರುಗಳಲ್ಲಿ ತಾಲ್ಲೂಕುವಾರು ಸಹಾಯವಾಣಿ ಸಂಖ್ಯೆಗಳ ಪುಟವನ್ನು ಮೇ ತಿಂಗಳಲ್ಲೇ ಹೀಗೆ ಫೋನಿನೊಳಗೆ ಇಟ್ಟುಕೊಳ್ಳುವುದು ಒಳ್ಳೆಯದು.

ಕಳಿಸುವ ಮೊದಲು

ಉದ್ದ ಚಿತ್ರವನ್ನು ಯಾರೂ ಪೂರ್ತಿ ನೋಡಿ ಕಳಿಸುವುದಿಲ್ಲ. ಮೇಲಿನದು ಸರಿ, ಕೆಳಗಿನದು ಸರಿ; ನಡುವಿನ ಹತ್ತನೇ ಪರದೆಯಲ್ಲಿ ಅತಿಥಿಯ ಆಧಾರ್ ಸಂಖ್ಯೆಯೋ ಮನೆಯವರ ಫೋನ್ ನಂಬರೋ ಕೂತಿರುತ್ತದೆ. ಅಳಿಸುವುದಾದರೆ ಹೈಲೈಟರ್ ಪೆನ್ನಿನಿಂದ ಬಳಿಯಬೇಡಿ. ಅದು ಅರೆಪಾರದರ್ಶಕ, ಚಿತ್ರದ ಬೆಳಕು ಹೆಚ್ಚಿಸಿದರೆ ಅಡಿಯ ಅಂಕಿ ಮತ್ತೆ ಕಾಣುತ್ತದೆ. ಗಟ್ಟಿ ಬಣ್ಣದ ಚೌಕ ಹಾಕಿ, ಇಲ್ಲವೇ ಆ ಭಾಗವನ್ನೇ ಕತ್ತರಿಸಿ. ಕತ್ತರಿಸಿದ್ದೂ ಉಳಿದ ಉದಾಹರಣೆ ಇದೆ. 2023ರಲ್ಲಿ ಪಿಕ್ಸೆಲ್ ಫೋನಿನಲ್ಲಿ ಸ್ಕ್ರೀನ್‌ಶಾಟ್ ತಿದ್ದುವ ಮಾರ್ಕಪ್‌ನಲ್ಲೂ ವಿಂಡೋಸ್ 11ರ ಸ್ನಿಪ್ಪಿಂಗ್ ಟೂಲ್‌ನಲ್ಲೂ, ಕತ್ತರಿಸಿದ ಚಿತ್ರದ ಫೈಲಿನೊಳಗೆ ಹಳೆಯ ಚಿತ್ರದ ಅಂಶ ಉಳಿದುಬಿಡುವ ದೋಷ ಪತ್ತೆಯಾಗಿ, ಎರಡಕ್ಕೂ ತಿದ್ದುಪಡಿ ಬಂತು. ಹಳೆಯ ಆವೃತ್ತಿಯಲ್ಲೇ ಇರುವವರು ಅಪ್‌ಡೇಟ್ ಮಾಡಿಕೊಳ್ಳಬೇಕು.

ಪಹಣಿಯ ಸ್ಕ್ರೀನ್‌ಶಾಟ್ ಮಾಹಿತಿಗೆ ಸಾಕು, ಸಾಲದ ಅರ್ಜಿಗೆ ಸಾಲದು; ಅಲ್ಲಿ ಶುಲ್ಕ ಕಟ್ಟಿ ಪಡೆದ ಪ್ರತಿಯೇ ಬೇಕು. ವ್ಯಾಜ್ಯದವರೆಗೆ ಹೋಗುವ ವಿಷಯವಾದರೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಎಲೆಕ್ಟ್ರಾನಿಕ್ ದಾಖಲೆಯ ಜೊತೆ ಪ್ರಮಾಣಪತ್ರ ಕೊಡಬೇಕಾಗುತ್ತದೆ, ಅದರಲ್ಲಿ ಫೈಲಿನ ಹ್ಯಾಶ್ ಮೌಲ್ಯವನ್ನೂ (ಫೈಲಿನಿಂದಲೇ ಲೆಕ್ಕ ಹಾಕಿ ತೆಗೆದ, ಅದರ ಬೆರಳಚ್ಚಿನಂಥ ಸಂಕೇತ) ನಮೂದಿಸಬೇಕು. ಒಂದು ಪಿಕ್ಸೆಲ್ ಬದಲಾದರೂ ಹ್ಯಾಶ್ ಬೇರೆಯಾಗುತ್ತದೆ. ಆದ್ದರಿಂದ ಕತ್ತರಿಸದ, ಗೀಚದ, ವಾಟ್ಸಾಪ್ ಮೂಲಕ ಹಾದುಬಾರದ ಮೂಲ ಫೈಲು ತೆಗೆದ ಫೋನಿನಲ್ಲೇ ಇರಲಿ; ಗುರುತು ಹಾಕುವುದು, ಕುಗ್ಗಿಸುವುದು ಎಲ್ಲ ಅದರ ನಕಲಿನ ಮೇಲೆ. ಬೇರೆಯವರ ಕಂಪ್ಯೂಟರಿನಲ್ಲಿ ತೆಗೆದಿದ್ದರೆ ಫೈಲನ್ನು ನಿಮ್ಮ ಪೆನ್‌ಡ್ರೈವಿಗೆ ಹಾಕಿಕೊಂಡು, ಡೌನ್‌ಲೋಡ್ಸ್ ಫೋಲ್ಡರ್ ಮತ್ತು ರೀಸೈಕಲ್ ಬಿನ್ ಎರಡರಿಂದಲೂ ಅಳಿಸಿ, ವಾಟ್ಸಾಪ್ ವೆಬ್ ತೆರೆದಿದ್ದರೆ ಲಾಗ್‌ಔಟ್ ಆಗಿ ಎದ್ದು ಬನ್ನಿ.